ಗುಳಿಗೆ ಅತ್ತೆಯ ಕೈಗೆ ಕೊಟ್ಟವರು

ಮಳೆಗಾಲದಲ್ಲಿ ನಮ್ಮ ನರ್ಸಬಾಯಿ ಚಪ್ಪಲಿ ಎರಡನ್ನೂ ಕೈಯಲ್ಲಿ ಹಿಡಿದು, ಮೊಣಕಾಲ ಕೆಳಗೆಲ್ಲ ಎರೆಮಣ್ಣು ಮೆತ್ತಿಸಿಕೊಂಡು ಬರುತ್ತಿದ್ದರು. ಬಾಗಿಲಲ್ಲಿ ನಿಂತು ಕಾಲಿಗೆ ನೀರು ಕೇಳುತ್ತಿದ್ದುದು ನನ್ನನ್ನಲ್ಲ, ಅತ್ತೆಯನ್ನು. ಒಳಗೆ ಬಂದ ಮೇಲೂ ಮೊದಲು ವಿಚಾರಿಸುತ್ತಿದ್ದುದು ಅತ್ತೆಯ ಮಂಡಿನೋವನ್ನು. ಎಚ್‌ಐವಿ ಇದ್ದದ್ದು ನನಗೆ. ಸವದತ್ತಿಯಿಂದ ನಮ್ಮೂರು ಸುರೇಬಾನದ ತನಕ ಅವರು ಬರುತ್ತಿದ್ದುದೂ ನನಗಾಗಿ. ಇವರೇನು ಅತ್ತೆಯ ಬೀಗರೇ ಎಂದು ನಾನು ಒಳಗೊಳಗೇ ಉರಿಯುತ್ತಿದ್ದೆ.

ಗಂಡ ಅದೇ ಕಾಯಿಲೆಯಿಂದ ತೀರಿಕೊಂಡು ಆರು ತಿಂಗಳಾಗಿತ್ತು. ಎರಡು ವರ್ಷದ ಮಗಳ ರಕ್ತದಲ್ಲಿ ಏನೂ ಇಲ್ಲವೆಂದು ತಿಳಿದದ್ದೇ ತಡ, ಅತ್ತೆ ಮೊಮ್ಮಗಳನ್ನು ಇಟ್ಟುಕೊಂಡು ನನ್ನನ್ನು ಸಂಗೊಳ್ಳಿಯ ತವರಿಗೆ ಕಳಿಸಿಬಿಡುವ ಮಾತು ತೆಗೆದಿದ್ದರು. ನನ್ನ ಹೆಸರು ಹೇಳುವುದನ್ನೂ ಬಿಟ್ಟು "ಅಕಿ" ಎನ್ನುತ್ತಿದ್ದರು. ಮಗಳನ್ನು ಬಿಟ್ಟು ಹೋಗುವುದನ್ನು ನೆನೆದರೇ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಸರ್ಕಾರದ ಗುಳಿಗೆ ಪುಕ್ಕಟೆ ಸಿಗತೊಡಗಿದ ಹೊಸತು ಅದು. ನರ್ಸಬಾಯಿ ಮೊದಲ ಡಬ್ಬಿಯನ್ನು ತಂದು ಅತ್ತೆಯ ಉಡಿಯಲ್ಲಿಟ್ಟರು.

"ಇವು ನಿಮ್ಮ ಕೈಯಾಗ ಇರಲಿ ಯವ್ವಾ. ಮುಂಜಾನೆ ರಾಮದುರ್ಗದ ಬಸ್ಸ ಹೋದಾಗ ಒಂದ, ಸಂಜಿಮುಂದ, ರಾತ್ರಿ ಇಲ್ಲೇ ನಿಲ್ಲೂ ವಸ್ತಿ ಬಸ್ಸ ಬಂದಾಗ ಒಂದ. ಈಕಿ ಮರೀತಾಳ, ನೀವು ಮರ್ಯೂದಿಲ್ಲ."

ನಾನು ಏನನ್ನೂ ಮರೆಯುವವಳಲ್ಲ. ನನ್ನನ್ನು ಹೊರಗೆ ಹಾಕಬೇಕೆಂದವರ ಕೈಗೇ ನನ್ನ ಜೀವ ಕೊಟ್ಟರಲ್ಲ ಎಂದು ಸಿಟ್ಟು ನೆತ್ತಿಗೇರಿತು. ಹಿತ್ತಿಲಿಗೆ ಕರೆದು ಕೇಳಿಯೇಬಿಟ್ಟೆ.

"ನಾ ವಾರಕ್ಕೊಮ್ಮಿ ಬರಾಕಿ. ದಿನಾ ನಿನ್ನ ಜೋಡಿ ಇರೂದು ಅವ್ರ," ಎಂದರು, ಅಷ್ಟೇ.

ಎರಡು ತಿಂಗಳು ಅತ್ತೆ ಬಸ್ಸಿಗೆ ಸರಿಯಾಗಿ ಗುಳಿಗೆ ಕೊಟ್ಟರು. ಆಮೇಲೊಂದು ದಿನ ಬಸ್ಸಿನವರ ಮುಷ್ಕರ. ಅದು ಗೊತ್ತಿಲ್ಲದ ಅತ್ತೆ ಗುಳಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಕೂತರು. ಕೊಡಿರೆಂದು ಕೇಳಲು ಹೋದರೆ "ಬಸ್ಸ ಹೋಗಿಲ್ಲಿನ್ನ" ಎಂದು ನನ್ನನ್ನೇ ಗದರಿದರು. ಯಾರೋ ಬಂದು ಮುಷ್ಕರ ಎಂದು ಹೇಳುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಗುಳಿಗೆ ಬೆವರಿಗೆ ಹಿಟ್ಟಾಗಿತ್ತು. ಓಡಿಬಂದು ಬೇರೆಯದನ್ನು ಕೊಟ್ಟರು. ಅವತ್ತು ಅವರು ಊಟ ಮಾಡಲಿಲ್ಲ.

ಮುಂದಿನ ವಾರ ನರ್ಸಬಾಯಿ ಕಾಲು ತೊಳೆಯುವ ಮೊದಲೇ ಅತ್ತೆ ತಾವಾಗಿಯೇ ಹೇಳಿಕೊಂಡರು.

"ನನ್ನಿಂದ ತಪ್ಪಾತರಿ ಬಾಯಾರ. ನನ್ನ ಸೊಸಿಗೆ ಏನರ ಆಕ್ಕೇತೇನ್ರಿ?"

"ಒಂದ ಸಲಕ್ಕ ಏನೂ ಆಗೂದಿಲ್ಲ ಯವ್ವಾ. ತಪ್ಪ ನಂದು. ಬಸ್ಸಿನ ಭರೋಸಾ ಮ್ಯಾಲ ಗುಳಿಗಿ ಕೊಟ್ಟೆ ನೋಡ್ರಿ."

ಅತ್ತೆ ಕಣ್ಣೊರೆಸಿಕೊಂಡು ನಕ್ಕರು. ಅವರ ಬಾಯಲ್ಲಿ "ನನ್ನ ಸೊಸಿ" ಎಂದು ಕೇಳಿ ನನಗೆ ಉಸಿರು ಸಲೀಸಾಗಿ ಆಡಿತು. ನರ್ಸಬಾಯಿ ಅಂದೇ ತಮ್ಮ ಕೈಗಡಿಯಾರ ಬಿಚ್ಚಿ ಅತ್ತೆಗೆ ಕೊಟ್ಟು, ಮುಳ್ಳು ನೋಡುವುದನ್ನು ಕಲಿಸಿಯೇ ಎದ್ದರು.

ನರ್ಸಬಾಯಿ ತೀರಿಕೊಂಡು ಈಗ ಕೆಲವು ವರ್ಷಗಳಾದವು. ಬರೀ ಗುಳಿಗೆಯನ್ನಾದರೆ ಬೇರೆ ಯಾರು ಬೇಕಾದರೂ ತಂದುಕೊಡಬಹುದಿತ್ತು. ನನ್ನ ಮನೆಯನ್ನೂ ಮಗಳನ್ನೂ ನನಗೆ ಉಳಿಸಿಕೊಟ್ಟವರು ಅವರು. ನೆನೆದಾಗಲೆಲ್ಲ ಗುಳಿಗೆ ಶುರುವಾದ ಆ ವರ್ಷದ ನಾಗರಪಂಚಮಿ ಕಣ್ಣಿಗೆ ಕಟ್ಟುತ್ತದೆ. ನನ್ನನ್ನೂ ಮಗಳನ್ನೂ ಹಬ್ಬಕ್ಕೆ ಕರೆದೊಯ್ಯಲು ತವರಿನಿಂದ ಅಣ್ಣ ಬಂದಿದ್ದ. ನರ್ಸಬಾಯಿ ಚಹಾ ಕುಡಿಯುತ್ತ ಕೂತಿದ್ದರು. ಅಣ್ಣ ಗುಳಿಗೆಯ ಡಬ್ಬಿ ಕೇಳಿದ. ಅತ್ತೆ ಅವನ ಕೈಗೆ ಸಣ್ಣದೊಂದು ಅರಿವೆಯ ಗಂಟು ಇಟ್ಟರು.

"ಐದ ದಿನದ್ದ ಅಷ್ಟ ಕಟ್ಟೇನಿ ತಮ್ಮಾ. ಆರನೇ ದಿನದ ಗುಳಿಗಿ ಈಕಿ ಇಲ್ಲೇ ಬಂದ, ನನ್ನ ಕೈಲೆ ತೊಗೊಬೇಕು."