ಹಸಿರು ಪೊಟ್ಟಣದಡಿಯ ಹೊಸ ಚಿಪ್

ಬೆಳಗಿನ ಐದೂವರೆ. ಶಿಂಚು ನಗರದ ಗಾಳಿ ಕಿಟಕಿಯನ್ನು ಬಡಿಯುತ್ತಿದೆ. ಮೂರನೇ ಮಹಡಿಯ ಪ್ರಯೋಗಾಲಯದಲ್ಲಿ ಕುಂಗ್ ಯುವೆ-ಓ ಬಿಸಿ ಸೋಯಾ ಹಾಲನ್ನು ಪಕ್ಕಕ್ಕಿಟ್ಟು ಪರದೆಯನ್ನೇ ದಿಟ್ಟಿಸುತ್ತಿದ್ದಾರೆ. ಪರೀಕ್ಷೆ ಇವತ್ತೂ ಅಲ್ಲೇ ಮುಗ್ಗರಿಸಿದೆ.

ಐವತ್ತನಾಲ್ಕರ ಯುವೆ-ಓ ಹತ್ತೊಂಬತ್ತು ವರ್ಷಗಳಿಂದ ಒಂದೇ ಡಿಬಗ್ಗರನ್ನು ಸಾಕಿ ಸಲಹುತ್ತಿದ್ದಾರೆ. ಬೇರೆಯವರು ಬರೆದ ಪ್ರೋಗ್ರಾಮನ್ನು ನಡುವೆ ತಡೆದು ನಿಲ್ಲಿಸಿ, ಲೆಕ್ಕ ಎಲ್ಲಿ ದಾರಿ ತಪ್ಪಿತೆಂದು ತೋರಿಸುವ ಸಾಧನ ಅದು. ಇಂದು ಹತ್ತು ಗಂಟೆಗೆ ಹೊಸ ಆವೃತ್ತಿ ಹೊರಬೀಳಬೇಕು. ಇನ್ನು ಮುಂದೆ ಪ್ರೋಗ್ರಾಮನ್ನು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೂ ನಡೆಸಬಹುದು! ಹೊಸದೊಂದು ಚಿಪ್‌ನ ಮೇಲೂ ಅದು ಓಡಬೇಕು. ತೊಡಕು ಇರುವುದು ಅಲ್ಲೇ. ಹತ್ತರೊಳಗೆ ಸರಿಹೋಗದಿದ್ದರೆ ಈ ಆವೃತ್ತಿಯಿಂದ ಆ ಚಿಪ್ ಅನ್ನು ಕೈಬಿಡುತ್ತಾರೆ, ಮುಂದಿನ ಸರದಿ ಆರು ತಿಂಗಳ ನಂತರ. ತೈನಾನ್ ಊರಿನಲ್ಲಿ ಕಿವಿ ಮಂದವಾದವರಿಗೆ ಕೇಳಿಸುವ ಯಂತ್ರ ಮಾಡುವ ಪುಟ್ಟ ಕಾರ್ಖಾನೆಯೊಂದು ಇದನ್ನೇ ನಂಬಿ ಕೂತಿದೆ. ಅದೇ ಚಿಪ್ ಇರುವ ಅವರ ಯಂತ್ರ ಮಾತಿನ ನಡುವೆ ಇದ್ದಕ್ಕಿದ್ದಂತೆ ಮೂಕವಾಗುತ್ತದೆ, ಏಕೆಂದು ಯಾರಿಗೂ ತಿಳಿಯದು.

ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಪರೀಕ್ಷೆಗಳಲ್ಲಿ ಬಿದ್ದದ್ದು ಬರೀ ಒಂಬತ್ತು. ಮೂರು ದಿನದಿಂದ ಯುವೆ-ಓ ತಮ್ಮದೇ ಸಾಲುಗಳನ್ನು ಜಾಲಾಡಿದ್ದಾರೆ, ತಮ್ಮ ಮೇಲೇ ಸಿಟ್ಟು ಮಾಡಿಕೊಂಡಿದ್ದಾರೆ. ಬೇಸತ್ತು ಈಗ ಚಿಪ್ ಇರುವ ಬೋರ್ಡನ್ನು ಮುಟ್ಟುತ್ತಾರೆ. ಕೈ ಚುರ್ ಎನ್ನುತ್ತದೆ.

ಅದರ ಮೇಲೆ ಹಸಿರು ಪೊಟ್ಟಣ. ಯಂತ್ರ ಮೊಂಡಾಟ ಮಾಡದಿರಲೆಂದು ತೆಂಗಿನ ಘಮದ ಈ ಕುರುಕಲನ್ನು ಇಲ್ಲಿ ಎಲ್ಲರೂ ಇಡುತ್ತಾರೆ. ಹಸಿರೇ ಆಗಬೇಕು, ತಾರೀಕು ಮುಗಿದಿರಬಾರದು. ಸಹೋದ್ಯೋಗಿ ತ್ಸಾಯ್ ಭಕ್ತಿ ಹೆಚ್ಚಾಗಿ ದೊಡ್ಡ ಪೊಟ್ಟಣವನ್ನೇ ತಂದು, ಸರಿಯಾಗಿ ಚಿಪ್ಪನ್ನು ತಣ್ಣಗಿಡುವ ಫ್ಯಾನಿನ ಮೇಲೆ ಕೂರಿಸಿದ್ದಾರೆ! ಗಾಳಿಯಿಲ್ಲದೆ ಕಾದ ಚಿಪ್ ಮಂದವಾಗಿ, ಡಿಬಗ್ಗರಿಗೆ ಉತ್ತರ ಕೊಡಲು ತಡಮಾಡುತ್ತಿದೆ; ಆ ಒಂಬತ್ತು ಬಿದ್ದದ್ದು ಅದಕ್ಕೇ.

"ಪೊಟ್ಟಣ ತೆಗೆದ್ರೆ ಯಂತ್ರ ಮುನಿಸ್ಕೊಳ್ಳಲ್ವಾ ಅಕ್ಕಾ?" ಏಳಕ್ಕೆ ಬಂದ ತ್ಸಾಯ್ ಮುಖದಲ್ಲಿ ನಿಜವಾದ ದಿಗಿಲು.

"ಪಕ್ಕಕ್ಕಿಟ್ಟಿದೀನಪ್ಪಾ, ಕ್ಷಮೆನೂ ಕೇಳಿದೀನಿ. ಪೂಜೆ ಮಾಡು, ಉಸಿರು ಕಟ್ಟಿಸ್ಬೇಡ."

ಎಂಟೂ ಮುಕ್ಕಾಲಿಗೆ ಒಂಬತ್ತಕ್ಕೆ ಒಂಬತ್ತೂ ಪಾಸು. ಯುವೆ-ಓ ಕುರ್ಚಿಯಿಂದ ಜಿಗಿದೆದ್ದು ಚಪ್ಪಾಳೆ ತಟ್ಟುತ್ತಾರೆ, ವಯಸ್ಸು ಮರೆತೇಹೋಗಿದೆ. ಹತ್ತಕ್ಕೆ ಆವೃತ್ತಿ ಹೊರಬೀಳುತ್ತದೆ. ಪ್ರಕಟಣೆಯಲ್ಲಿ ಚಿಪ್‌ನ ಹೆಸರಿದೆ, ಅವರದಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ತೈನಾನಿನಿಂದ ಫೋನು. ಯಂತ್ರ ಮೂಕವಾದ ಗಳಿಗೆಯಿಂದ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಹೋಗಿ ತಪ್ಪನ್ನು ಹಿಡಿದೇಬಿಟ್ಟರಂತೆ. ಆ ಕಡೆ ಇಡೀ ಕಾರ್ಖಾನೆ ಕೇಕೆ ಹಾಕುತ್ತಿದೆ. ಫೋನಿಟ್ಟ ಯುವೆ-ಓ ಕಣ್ಣೊರೆಸಿಕೊಳ್ಳುತ್ತಾರೆ.

"ಡಿಬಗ್ಗರ್ ಯಾರು ಮಾಡಿದ್ದು ಅಂತ ಅವ್ರು ಕೇಳ್ಲಿಲ್ಲ," ಎನ್ನುತ್ತಾರೆ. "ತಪ್ಪು ಎಷ್ಟನೇ ಸಾಲಲ್ಲಿತ್ತು ಅಂತ ಹೇಳಿದ್ರು. ಅದೇ ಸಾಕು ನಂಗೆ."