ಚಿಕ್ಕಪ್ಪನ ಬೈಕಿಗೆ ಜಿಪಿಎಸ್ ಕಾವಲು

ಸ್ನೇಹಿತರೇ, ಇವತ್ತು ಗುಬ್ಬಿ ತಾಲ್ಲೂಕು ಕಚೇರಿಯ ಸಾಲಿನಲ್ಲಿ ನನ್ನ ಜೊತೆ ನಿಂತಿದ್ದ ನಮ್ಮ ಹಾಗಲವಾಡಿ ಚಿಕ್ಕಪ್ಪ ಮೊಬೈಲ್ ನೋಡಿ ಕಿರುಚಿಕೊಂಡರು.

"ಲೇ, ಗಾಡಿ ಮ್ಯಾಪಲ್ಲಿ ಕಾಣ್ತಿಲ್ಲ ಕಣೋ! ಯಾವನೋ ಹೊಡ್ಕೊಂಡೋದ! ಈ ಹೊತ್ಗೆ ಕುಣಿಗಲ್ ದಾಟಿರ್ತಾನೆ!"

ಹೊಸ ಬೈಕು. ಕಳ್ಳರ ಭಯಕ್ಕೆ ಹೋದ ವಾರ ತಾವೇ ಕೂತು ಅದಕ್ಕೆ ಜಿಪಿಎಸ್ ಜೋಡಿಸಿದ್ದರು. ಇಬ್ಬರೂ ಹೊರಗೆ ಓಡಿದೆವು. ಬೈಕು ನಿಲ್ಲಿಸಿದ ಜಾಗದಲ್ಲೇ ನಿಂತಿತ್ತು. ಕೀ ಕೂಡ ಅದರಲ್ಲೇ ಇತ್ತು, ಅದೂ ಆನ್ ಆಗಿ!

"ಕೀ ಯಾಕೆ ಬಿಟ್ಟಿದೀರ ಚಿಕ್ಕಪ್ಪ?"

"ಆಫ್ ಮಾಡಿದ್ರೆ ಜಿಪಿಎಸ್ಸೂ ಆಫ್ ಆಯ್ತದೆ ಕಣ್ಲಾ. ಆಮೇಲೆ ಕಳ್ಳನ್ನ ಹೆಂಗ್ ಹುಡುಕೋದು?"

ಜಿಪಿಎಸ್ ವೈರನ್ನು ನೇರವಾಗಿ ಬ್ಯಾಟರಿಗೆ ಕೊಡುವ ಬದಲು, ಕೀ ತಿರುಗಿಸಿದರೆ ಮಾತ್ರ ಕರೆಂಟ್ ಬರುವ ವೈರಿಗೆ ಸೇರಿಸಿದ್ದಾರೆ. ಬೆಳಿಗ್ಗೆಯಿಂದ ಕೀ ಆನ್ ಇದ್ದು ಬ್ಯಾಟರಿ ಪೂರ್ತಿ ಇಳಿದಿದೆ, ಅದರ ಜೊತೆ ಜಿಪಿಎಸ್ಸೂ ಮಲಗಿದೆ. ಸ್ಟಾರ್ಟ್ ಬಟನ್ ಒತ್ತಿದರೆ ಉಸಿರಿಲ್ಲ. ಒದ್ದು ಸ್ಟಾರ್ಟ್ ಮಾಡೋಣವೆಂದರೆ ಈ ಬೈಕಿಗೆ ಕಿಕ್ಕರ್ರೇ ಇಲ್ಲ.

ಚಿಕ್ಕಪ್ಪನ ಮುಖ ಮಾತ್ರ ಅರಳಿತು. "ನೋಡ್ದಾ? ಎಂಥ ಕಳ್ಳ ಬಂದಿದ್ರೂ ಸ್ಟಾರ್ಟ್ ಮಾಡಕ್ಕಾಯ್ತಿರ್ಲಿಲ್ಲ!"

ನಿಜ. ಆದರೆ ಆ ಕಳ್ಳ ಬಂದಿದ್ದರೆ, ಗ್ಯಾರೇಜಿನವರೆಗೆ ತಳ್ಳುವುದಕ್ಕೆ ನನಗೊಬ್ಬ ಜೊತೆಯಾದರೂ ಸಿಗುತ್ತಿದ್ದ. ಚಿಕ್ಕಪ್ಪ ಹ್ಯಾಂಡಲ್ ಹಿಡಿದು ಮೇಲೆ ಕೂತಿದ್ದರು.