ಅಜ್ಜಿ ಕುಟ್ಟಿದ ಬಳಪದ ಕಲ್ಲು

ಆಗೆಲ್ಲ ಹೈಸ್ಕೂಲು ಹುಡುಗಿಯ ಚೀಲದಲ್ಲಿ ಕಲ್ಲು ಕಂಡರೆ ಕೇರಿಯವರು ನಿಂತು ನಗುತ್ತಿದ್ದ ಕಾಲ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಆಗ ಐಚ್ಛಿಕವಾಗಿದ್ದ ಭೂವಿಜ್ಞಾನ ತೆಗೆದುಕೊಂಡಿದ್ದೆ. ಬಗೆಬಗೆಯ ಕಲ್ಲುಗಳನ್ನು ನಾವೇ ಹುಡುಕಿ ತಂದು, ಪರೀಕ್ಷೆಯ ದಿನ ಮೇಷ್ಟ್ರ ಮುಂದಿಟ್ಟು, ಒಂದೊಂದರ ಗುಣ ಹೇಳಬೇಕಿತ್ತು. ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಪಾಸಾದ್ರೆ ಕಾಲೇಜು. ಇಲ್ದಿದ್ರೆ ಮದ್ವೆ ಕಣಮ್ಮ, ಆಮೇಲೆ ಅಳ್ಬೇಡ."

ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ ಕಲ್ಲು ಉಳಿಸಿಕೊಳ್ಳುವುದೆಂದರೆ ಬೆಕ್ಕಿನ ಮುಂದೆ ಹಾಲಿಟ್ಟು ಕಾದಂತೆ. ಬೆಣಚುಕಲ್ಲಿನ ಚೂರುಗಳನ್ನು ತಂಗಿ ಐದುಕಲ್ಲಾಟಕ್ಕೆ ಒಯ್ದಳು. ಒರಟುಕಲ್ಲೊಂದು ಬಚ್ಚಲು ಸೇರಿ ಅಮ್ಮನ ಹಿಮ್ಮಡಿ ಉಜ್ಜುತ್ತಿತ್ತು. ಕೇಳಿದರೆ ಅಮ್ಮನದು ಒಂದೇ ಮಾತು, "ಏನ್ ಚಿನ್ನವೇನೇ ಅದು? ಬೀದಿ ಕಲ್ಲು ತಾನೇ!" ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಎಲ್ಲವನ್ನೂ ಕಸಿದು ತಂದು, ತೊಳೆದು, ಇಲ್ಲಾದರೂ ಯಾರೂ ಮುಟ್ಟರೆಂದು ದೇವರ ಗೂಡಿನ ಕೆಳಗೆ ಬುಟ್ಟಿಯಲ್ಲಿಟ್ಟೆ. ಅದರಲ್ಲಿ ನನ್ನ ಹೆಮ್ಮೆಯೆಂದರೆ ಬಳಪದ ಕಲ್ಲು. ಇಲವಾಲದ ಸೋದರಮಾವ ಬಾವಿ ತೋಡಿಸುವಾಗ ಸಿಕ್ಕಿದ್ದು. ಮುಟ್ಟಿದರೆ ಬೆಣ್ಣೆಯಂತೆ ನುಣುಪು.

ಪರೀಕ್ಷೆಯ ಬೆಳಿಗ್ಗೆ ರೊಟ್ಟಿ ಬೇಯುವ ವಾಸನೆಗೆ ಎಚ್ಚರವಾಯಿತು. ಬಾಗಿಲಿಗೆ ಬಂದರೆ ಹಬ್ಬದ ದಿನದಂಥ ರಂಗೋಲಿ. ಪಕ್ಕದ ಒರಳಿನ ಸುತ್ತ ಬಿಳಿ ಪುಡಿ. ರಂಗೋಲಿ ಪುಡಿಯನ್ನು ಆಗ ಇಂಥ ಮೆತ್ತನೆಯ ಕಲ್ಲು ಕುಟ್ಟಿಯೇ ಮಾಡುತ್ತಿದ್ದರು. ಓಡಿಹೋಗಿ ಬುಟ್ಟಿ ನೋಡಿದೆ. ಬಳಪದ ಕಲ್ಲೇ ಇಲ್ಲ.

"ಅಜ್ಜೀ! ನನ್ ಕಲ್ಲು ಕುಟ್ಬುಟ್ಯಾ?"

"ಊಂ ಕಣವ್ವ. ನಿನ್ ಪರೀಕ್ಸೆಗೆ ಒಳ್ಳೇದಾಗ್ಲಿ ಅಂತ್ಲೇ ರಂಗೋಲಿ ಬುಟ್ಟಿದ್ದು. ಎಂಗೆ ಬೆಳ್ಳಗೈತೆ ನೋಡು!"

ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ. ರೊಟ್ಟಿಯನ್ನೂ ಮುಟ್ಟದೆ, ಒರಳಿನ ತಳದಲ್ಲಿ ಉಳಿದಿದ್ದ ಪುಡಿಯನ್ನು ಕಾಗದದಲ್ಲಿ ಕಟ್ಟಿ, ಉಳಿದ ಕಲ್ಲುಗಳ ಜೊತೆ ಚೀಲಕ್ಕೆ ಹಾಕಿಕೊಂಡು ಹೊರಟೆ.

ಮೇಷ್ಟ್ರು ಪೊಟ್ಟಣ ಬಿಚ್ಚಿದರು. "ಇದೇನಮ್ಮ?"

"ಬಳಪದ ಕಲ್ಲು ಸಾರ್. ನಮ್ಮಜ್ಜಿ ರಂಗೋಲಿ ಹಾಕ್ಬುಟ್ರು."

"ಕಲ್ಲು ತನ್ನಿ ಅಂದ್ರೆ ಹಿಟ್ಟು ತರ್ತೀರಲ್ಲ!" ಎಂದು ಹಣೆ ಚಚ್ಚಿಕೊಂಡು, ಆ ಕಲ್ಲಿನ ಅಂಕವನ್ನೆಲ್ಲ ಕಿತ್ತುಕೊಂಡರು. ಉಳಿದ ಕಲ್ಲುಗಳು ಕೈಬಿಡಲಿಲ್ಲ. ಹೇಗೋ ದಡ ಸೇರಿದೆ. ಅಜ್ಜಿಯೋ, "ನನ್ ರಂಗೋಲಿಯಿಂದ್ಲೇ ಮೊಗಾ ಪಾಸಾಯ್ತು" ಎಂದು ಕೊಪ್ಪಲಿಗೆಲ್ಲ ಸಾರಿಕೊಂಡು ಬಂದಳು! ಸಿಟ್ಟಿಗೆ ನಾನು ಅವಳೊಡನೆ ಮಾತೇ ಬಿಟ್ಟೆ.

ಕಾಲೇಜಿನ ಮೊದಲ ಪರೀಕ್ಷೆಯ ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದಳು. ಅಂದು ಬೆಳಿಗ್ಗೆ ಬಾಗಿಲಿಗೆ ಬರೀ ನೀರು ಚಿಮುಕಿಸಿದ್ದರು. ಆಮೇಲೆಯೂ ಎಷ್ಟೋ ಪರೀಕ್ಷೆ ಬರೆದೆ. ನನಗೋಸ್ಕರ ನಸುಕಿನಲ್ಲೆದ್ದು ಕಲ್ಲು ಕುಟ್ಟುವವರು ಯಾರೂ ಇರಲಿಲ್ಲ. ಆ ಬಳಪದ ಕಲ್ಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಬೈಯೋಣವೆಂದರೆ ಅಜ್ಜಿಯೇ ಇಲ್ಲ.